ವರಮಹಾಲಕ್ಷ್ಮಿಯ ದಿನದ ಎರಕ

ವಿಶಾಖಪಟ್ಟಣ
14 ಜೂನ್ 2024

ಪ್ರೀತಿಯ ಅಪ್ಪ,

ನೀನು ಮಾಡಿದ ರಿಂಗ್ ನಿನ್ನ ಅಳಿಯ ಬೈರೇಶ್ ಅವರ ಹಡಗಿನಲ್ಲಿದೆ ಅಪ್ಪ, ನಿನ್ನದೇ ರಿಂಗ್, ನಮ್ಮ ಬಾಶೆಟ್ಟಿಹಳ್ಳಿ ಎರಕದ ಶೆಡ್ಡಿನದು, ದೇವರಾಣೆ!

ನಿನ್ನೆ ಸಂಜೆ ಅವರು ಡ್ಯೂಟಿಯಿಂದ ಬಂದವರೇ ಶೂ ಕೂಡ ಬಿಚ್ಚದೆ, “ನಿಮ್ಮಪ್ಪ ಮಾಲಿನ ಮೇಲೆ ಒಂದು ‘ಆ’ ಹೊಡೀತಾರೆ ಅಂದಿದ್ದೆ ಅಲ್ವಾ?” ಎಂದು ಕೇಳಿದರು. ಹೂಂ, ಆದಿನಾರಾಯಣಪ್ಪನ ‘ಆ’ ಎಂದೆ. ಅವರು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಇಂಜಿನ್ ರೂಮಿನಲ್ಲಿ ಸಮುದ್ರದ ನೀರೆಳೆಯುವ ಪಂಪೊಂದನ್ನು ಬಿಚ್ಚಿದ್ದರಂತೆ. ಸವೆದ ರಿಂಗನ್ನು ತೆಗೆದು ಒರೆಸಿ ನೋಡಿದರೆ ಒಳಅಂಚಿನಲ್ಲಿ ಕನ್ನಡದ ‘ಆ’! ಸುತ್ತ ಇದ್ದವರೆಲ್ಲ ಹಿಂದಿ, ತೆಲುಗು, ಮಲಯಾಳಂನವರು. ನೀರಿನ ಮಟ್ಟಕ್ಕಿಂತ ಕೆಳಗೆ, ಆ ಸೆಕೆಯಲ್ಲಿ, ಆ ಗದ್ದಲದಲ್ಲಿ ನಮ್ಮ ಒಂದು ಅಕ್ಷರ. “ಇದು ನಮ್ಮ ಮಾವ ಕಣ್ರೋ!” ಎಂದು ಕೂಗಿಬಿಟ್ಟರಂತೆ. ಈಗ ಅಲ್ಲಿ ಆ ಪಂಪಿಗೆ ‘ಸಸುರ್‌ಜಿ’ ಎಂದೇ ಹೆಸರು, ಹಿಂದಿಯಲ್ಲಿ ಮಾವನವರು ಅಂತ. “ಸಸುರ್‌ಜಿ ಇವತ್ತು ಗೊಣಗ್ತಿದ್ದಾರೆ, ಸ್ವಲ್ಪ ಗ್ರೀಸ್ ಹಾಕಿ” ಎನ್ನುತ್ತಾರಂತೆ!

ಇಷ್ಟು ವರ್ಷ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗಲೆಲ್ಲ ನೀನು ಹೇಳುತ್ತಿದ್ದದ್ದೇನು? “ಕಂಪನಿಯವ್ರು ನಕ್ಷೆ ಕೊಡ್ತಾರೆ. ಅದ್ರಲ್ಲಿ ನಂಬರ್ ಇರುತ್ತೆ, ಊರಿರಲ್ಲ. ಯಾವ್ದೋ ಸಕ್ಕರೆ ಫ್ಯಾಕ್ಟ್ರಿ ಪಂಪಿಗಿರ್ಬೇಕು.” ಸಕ್ಕರೆ ಫ್ಯಾಕ್ಟರಿ ಅಲ್ಲ ಅಪ್ಪ, ನೌಕಾಪಡೆಯ ಗೈಡೆಡ್ ಮಿಸೈಲ್ ಡೆಸ್ಟ್ರಾಯರ್, ಕ್ಷಿಪಣಿ ಹೊತ್ತ ಯುದ್ಧದ ಹಡಗು! ಕುಟುಂಬದವರ ದಿನ ಎಂದು ಒಮ್ಮೆ ನನ್ನನ್ನೂ ಒಳಗೆ ಬಿಟ್ಟಿದ್ದರು. ನಮ್ಮ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡ್ ಹಾಗೇ ಎತ್ತಿ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಕ್ಷಿಪಣಿಗಳು ಮುಚ್ಚಳದ ಕೆಳಗೆ ನೆಟ್ಟಗೆ ನಿಂತಿರುತ್ತವೆ, ಕಾಣುವುದಿಲ್ಲ. ಹಡಗಿನ ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಆದರೆ ಬೈರೇಶ್ ಹೇಳಿದ ಇದನ್ನು ಬರೆಯಲೇಬೇಕು. ಆ ಪಂಪು ನಿಂತರೆ ಜನರೇಟರಿಗೆ ತಣ್ಣೀರಿಲ್ಲ. ಜನರೇಟರ್ ಕಾದು ನಿಂತರೆ ಕರೆಂಟಿಲ್ಲ. ಕರೆಂಟಿಲ್ಲದಿದ್ದರೆ ರೇಡಾರ್ ಕುರುಡು, ಕ್ಷಿಪಣಿ ಬರೀ ಕಬ್ಬಿಣ. ಅಂದರೆ ಇಡೀ ಹಡಗು ನಿನ್ನ ಊಟದ ತಟ್ಟೆಯಗಲದ ರಿಂಗಿನ ಮೇಲೆ ನಿಂತಿದೆ! ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ಮೆಷಿನ್ ಸದ್ದಿಗೆ ನಿನ್ನ ಕಿವಿ ಹೋಗಿದೆ, ಎಲ್ಲಕ್ಕೂ ‘ಹ್ಞಾ ಹ್ಞಾ’ ಎನ್ನುತ್ತೀಯ. ವಾಟ್ಸಪ್ ಮಾಡಿದರೆ ಹೆಬ್ಬೆಟ್ಟು ಕಳಿಸಿ ಮುಗಿಸುತ್ತೀಯ. ಅದಕ್ಕೇ ಕಾಗದ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ, ತಪ್ಪಿದ್ದರೆ ನಗಬೇಡ. ಇದನ್ನು ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳು, ಭೀಮರಾಜಣ್ಣನಿಗೆ ಮೊದಲು. ಎರಕ ಹೊಯ್ಯುವುದು ಅವನೇ ತಾನೆ?

ಮುಂದಿನ ರಿಂಗ್‌ಗಳನ್ನು ದೇವರ ಮುಂದಿಟ್ಟು ಕಳಿಸು ಅಪ್ಪ. ನನ್ನ ಗಂಡ ಅದರ ಪಕ್ಕ ನಿಂತಿರುತ್ತಾರೆ.

ಖುಷಿಯಿಂದ ಹುಚ್ಚಾಗಿರುವ ನಿನ್ನ ಮಗಳು
ಸಿಂಚನ


ಬಾಶೆಟ್ಟಿಹಳ್ಳಿ
20 ಆಗಸ್ಟ್ 2024

ಚಿ. ಸೌ. ಸಿಂಚನಳಿಗೆ ಅಪ್ಪನ ಆಶೀರ್ವಾದ.

ನನ್ನ ಕಿವಿಯೊಂದು ಬಿಟ್ಟು ಇಲ್ಲಿ ಎಲ್ಲವೂ ಚೆನ್ನಾಗಿದೆ. ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಓದಿಸಿದೆ. ಮೆಷಿನ್ ನಿಲ್ಲಿಸಿ ಎಲ್ಲರೂ ಕೇಳಿದರು. ಭೀಮರಾಜ, “ಅಣ್ಣ, ಇನ್ಮೇಲೆ ನಮ್ಗೂ ಮಿಲಿಟ್ರಿ ಕ್ಯಾಂಟೀನ್ ಕಾರ್ಡ್ ಕೊಡಿಸಿ” ಎಂದ. ಎಲ್ಲರೂ ನಕ್ಕರು. ಆದರೆ ಅವತ್ತಿನಿಂದ ಒಬ್ಬೊಬ್ಬರೂ ಮಾಲು ಹಿಡಿಯುವ ರೀತಿಯೇ ಬೇರೆಯಾಗಿದೆ.

ದೇವರ ಮುಂದಿಟ್ಟು ಕಳಿಸು ಎಂದು ಬರೆದಿದ್ದೆ. ನಿಮ್ಮಮ್ಮ ಅದಕ್ಕಿಂತ ಮುಂದೆ ಹೋದಳು. ನಾನು ಚಿಕ್ಕವನಿದ್ದಾಗ ಚನ್ನರಾಯಪಟ್ಟಣದ ಹತ್ತಿರ ನಮ್ಮಜ್ಜಿಯ ಊರಿನಲ್ಲಿ ದೇವಸ್ಥಾನದ ಗಂಟೆಗೆ ಎರಕ ಹೊಯ್ದಿದ್ದರು. ಊರಿನ ಹೆಂಗಸರೆಲ್ಲ ತಮ್ಮ ಮನೆಯ ಚೊಂಬು, ಬಳೆ, ದೀಪ ತಂದು ಕುದಿಯುವ ಮೂಸೆಗೆ ಬಿಟ್ಟರು. ಗಂಟೆ ಬಾರಿಸಿದಾಗ ಎಲ್ಲರ ಮನೆಯೂ ಅದರಲ್ಲಿರುತ್ತದೆ ಎಂದು ಹೇಳುತ್ತಿದ್ದರು. ಅಳಿಯಂದಿರ ಹಡಗಿಗೂ ಹಾಗೇ ಆಗಲಿ ಎಂದಳು ನಿಮ್ಮಮ್ಮ. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಶೆಡ್ಡಿನಲ್ಲಿ ಕಳಶ ಇಟ್ಟು ಪೂಜೆ ಮಾಡಿ, ನಿನ್ನಜ್ಜಿಯ ಹಿತ್ತಾಳೆ ಬಿಂದಿಗೆಯನ್ನು ನಾನೇ ಕೈಯಾರೆ ಮೂಸೆಗೆ ಬಿಟ್ಟೆ. ಮಡಿಯಲ್ಲಿ ಮಾಡುವ ಕೆಲಸವಲ್ಲವೇ, ಅಷ್ಟು ಹೊತ್ತು ಭೀಮರಾಜನನ್ನು ಆಚೆ ನಿಲ್ಲಿಸಿದ್ದೆವು. ಆಮೇಲೆ ಅವನೇ ಬಂದು ಹೊಯ್ದ. “ಅಣ್ಣ, ಗನ್‌ಮೆಟಲ್ ಲೋಹದ ತಾಮ್ರ-ತವರದ ಲೆಕ್ಕ ಕೆಡುತ್ತೆ” ಎಂದು ಅದಕ್ಕೆ ಮೊದಲೇ ಆಚೆಯಿಂದ ಒಂದು ಸಲ ಅಂದಿದ್ದ. ಒಂದು ಬಿಂದಿಗೆಗೆ ಏನಾಗುತ್ತೆ ಬಿಡೋ ಎಂದೆ. ಬಿಂದಿಗೆ ಕರಗುವಾಗ ಬೆಳ್ಳನೆಯ ಹೊಗೆ ಧೂಪದ ಹಾಗೆ ಸೂರಿನವರೆಗೆ ಎದ್ದಿತು. ಎಲ್ಲರೂ ಕೈ ಮುಗಿದರು. ನನಗೆ ಕಣ್ಣಲ್ಲಿ ನೀರು ಬಂತು.

ಆ ಎರಕದಲ್ಲಿ ಹನ್ನೆರಡು ರಿಂಗ್ ಆಗಿವೆ. ಕಂಪನಿಗೆ ಕಳಿಸುತ್ತಿದ್ದೇನೆ.

ನಿನ್ನ ಅಪ್ಪ
ಆದಿನಾರಾಯಣಪ್ಪ

ಅಮ್ಮ ಹೇಳಿ ಬರೆಸಿದ್ದು: ಸಿಂಚು, ಪ್ರತಿ ಎರಕದಲ್ಲೂ ಪರೀಕ್ಷೆಗೆಂದು ಒಂದು ಕಡ್ಡಿ ಹೊಯ್ಯುತ್ತಾರಲ್ಲ, ಅದನ್ನು ಲ್ಯಾಬಿನಲ್ಲಿ ಎಳೆದು ಮುರಿಯುತ್ತಾರಂತೆ. ದೇವರ ಎರಕವನ್ನು ಮುರಿಸುವುದು ಬೇಡ ಎಂದು ನಾನು ಹಟ ಮಾಡಿದೆ. ಅಪ್ಪ ಹಿಂದಿನ ಎರಕದ ಕಡ್ಡಿ ಒಂದಿತ್ತು, ಅದನ್ನೇ ಕಳಿಸಿದರು. ಈ ಎರಕದ ಕಡ್ಡಿಯನ್ನು ಅರಿಶಿನ ಕುಂಕುಮ ಹಚ್ಚಿ ದೇವರ ಮನೆಯಲ್ಲಿ ಇಟ್ಟಿದ್ದೇನೆ. ಇನ್ನೊಂದು ಮಾತು, ಗಂಡನನ್ನು ಹೆಸರು ಹಿಡಿದು ಕಾಗದದಲ್ಲಾದರೂ ಬರೆಯಬೇಡ.


ವಿಶಾಖಪಟ್ಟಣ
28 ನವೆಂಬರ್ 2024

ಅಪ್ಪ, ಅಮ್ಮ,

ಬಂದವು! ಬಂದವು! ಹನ್ನೆರಡರಲ್ಲಿ ಎರಡು ನಮ್ಮ ಹಡಗಿಗೇ ಬಂದವು! ಎಂತಹ ಲಕ್! ಡಬ್ಬಿ ಬಿಚ್ಚಿದಾಗ ‘ಆ’ ನೋಡಿ ಇವರು ಕಣ್ಣಿಗೊತ್ತಿಕೊಂಡರಂತೆ, ಜೊತೆಯವರು ರೇಗಿಸಿದರಂತೆ. ತಾವೇ ಕೂರಿಸಿದ್ದಾರೆ. ಹೊಸ ಸಸುರ್‌ಜಿ ಹಳೆಯವರಿಗಿಂತ ಮೆತ್ತಗೆ ಓಡುತ್ತಿದ್ದಾರೆ.

ಬಿಂದಿಗೆಯ ವಿಷಯ ನಾನಿನ್ನೂ ಅವರಿಗೆ ಹೇಳಿಲ್ಲ. ಆ ಕಾಗದ ಓದಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟಿದ್ದೆ ಅಮ್ಮ. ಅಜ್ಜಿ ಇವರ ಜೊತೆ ಸಮುದ್ರದಲ್ಲಿದ್ದಾರೆ ಎಂದು ಯೋಚಿಸಿದರೆ ಮೈ ಜುಂ ಎನ್ನುತ್ತದೆ. ನಮ್ಮ ಮೊದಲ ಆನಿವರ್ಸರಿಗೆ ಹೇಳಿ ಸರ್‌ಪ್ರೈಸ್ ಮಾಡುತ್ತೇನೆ. ನಾಳಿದ್ದು ಹಡಗು ಹೊರಡುತ್ತದೆ. ಎಲ್ಲಿಗೆ ಎಂದು ಕೇಳಬಾರದು. ಎರಡು ತಿಂಗಳು ಫೋನಿಲ್ಲ. ನಾನು ಈಗಲೇ ಕ್ಯಾಲೆಂಡರ್ ಮುಂದೆ ನಿಂತಿದ್ದೇನೆ.

ಸಾವಿರ ಮುತ್ತು,
ಸಿಂಚು


ವಿಶಾಖಪಟ್ಟಣ
9 ಫೆಬ್ರವರಿ 2025

ಅಪ್ಪ,

ಅಮ್ಮನಿಗೆ ಫೋನಿನಲ್ಲಿ ಅರ್ಧ ಹೇಳಿದ್ದೇನೆ. ಉಳಿದರ್ಧ ಇಲ್ಲಿದೆ. ಒಬ್ಬನೇ ಕೂತು ಓದು.

ರಿಂಗ್ ಒಡೆಯಿತು. ನಡು ಸಮುದ್ರದಲ್ಲಿ, ಬೇರೆ ಹಡಗುಗಳ ಜೊತೆ ಅಭ್ಯಾಸ ನಡೆಯುತ್ತಿದ್ದಾಗ. ಚೂರುಗಳು ಸಿಕ್ಕಿಕೊಂಡು ಪಂಪು ನಿಂತಿತು. ಜನರೇಟರಿಗೆ ತಣ್ಣೀರು ಹೋಗಲಿಲ್ಲ. ಬೈರೇಶ್ ಅದನ್ನು ನಿಲ್ಲಿಸಲು ಓಡಿದಾಗ ಕಾದ ನೀರಿನ ಪೈಪು ಅವರ ಪಕ್ಕದಲ್ಲೇ ಬಿಚ್ಚಿಕೊಂಡಿತು. ಬಲಗೈ ಮೊಣಕೈವರೆಗೆ ಬೆಂದಿದೆ. ಬೆಂದಿದೆ ಎಂಬ ಪದವನ್ನು ನಾನು ಇಲ್ಲಿಯವರೆಗೆ ಅಡುಗೆಮನೆಯಲ್ಲಿ ಮಾತ್ರ ಬಳಸಿದ್ದೆ. ಆಸ್ಪತ್ರೆಯಲ್ಲಿದ್ದಾರೆ. ಬೆರಳು ಮಡಚಲು ಬರುತ್ತದೆಯೇ ಎಂಬುದು ಇನ್ನೂ ಗೊತ್ತಿಲ್ಲ. ಹಡಗು ಅಭ್ಯಾಸ ಬಿಟ್ಟು ವಾಪಸ್ ಬಂತು.

ನಿನ್ನೆ ಅವರ ಜೊತೆಯವರೊಬ್ಬರು ಒಡೆದ ರಿಂಗಿನ ಫೋಟೊ ತಂದು ತೋರಿಸಿದರು. ಒಡೆದ ಜಾಗ ಒಳಗೆಲ್ಲ ಸೀಬೆಹಣ್ಣಿನ ಹಾಗೆ ನಸುಗೆಂಪು, ಸ್ಪಂಜಿನ ಹಾಗೆ ತೂತು. ಅಂಚಿನಲ್ಲಿ ‘ಆ’ ಹಾಗೇ ಇತ್ತು. ಬೈರೇಶ್ ಅದನ್ನು ನೋಡಿ ಹೇಳಿದರು, “ಇದು ಗನ್‌ಮೆಟಲ್ ಅಲ್ಲ. ಹಿತ್ತಾಳೆ ಥರ ಇದ್ರಲ್ಲಿ ಸತು ಜಾಸ್ತಿ ಇದೆ. ಸಮುದ್ರದ ನೀರು ಸತುವನ್ನ ತಿಂದ್ಹಾಕಿದೆ, ತಾಮ್ರದ ಗೂಡು ಉಳಿದಿದೆ. ನಿಮ್ಮಪ್ಪ ಏನ್ ಹಾಕಿದ್ರು ಸಿಂಚು ಇದಕ್ಕೆ?”

ಹೇಳಿದೆ. ಸರ್‌ಪ್ರೈಸ್ ಎಂದು ಇಟ್ಟುಕೊಂಡದ್ದನ್ನು ಆಸ್ಪತ್ರೆಯ ಮಂಚದ ಪಕ್ಕ ನಿಂತು ಹೇಳಿದೆ. ಬಿಂದಿಗೆಯಾ, ಎಂದರು. ಹೂಂ ಎಂದೆ. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಅವರು ಕೂಗಾಡಿದ್ದರೆ ನನಗೆ ಎಷ್ಟೋ ಚೆನ್ನಾಗಿರುತ್ತಿತ್ತು. ಗೋಡೆ ಕಡೆ ತಿರುಗಿ, “ಉಳಿದ ಹತ್ತು ಎಲ್ಲಿವೆ?” ಎಂದಷ್ಟೇ ಕೇಳಿದರು.

ನನಗೆ ನಿನ್ನ ಮೇಲೆ ಬಹಳ ಕೋಪ ಬಂದಿದೆ. ಒಂದು ಸಲ ಹೇಳಿದನಂತಲ್ಲ ಭೀಮರಾಜಣ್ಣ, ಲೆಕ್ಕ ಕೆಡುತ್ತೆ ಅಂತ! ನೀನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನು, ನಿನಗೆ ಗೊತ್ತಿರಲಿಲ್ಲವೇ? ಗಂಟೆ ಗೋಪುರದಲ್ಲಿ ನೇತಾಡುತ್ತದೆ ಅಪ್ಪ, ಉಪ್ಪುನೀರಲ್ಲಿ ತಿರುಗುವುದಿಲ್ಲ. ನನ್ನ ಮೇಲೂ ಅಷ್ಟೇ ಕೋಪವಿದೆ. ದೇವರ ಮುಂದಿಡು ಎಂದು ಕುಣಿದು ಬರೆದವಳು ನಾನೇ.

ಅದಿರಲಿ. ಕಂಪನಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡು. ಆ ಎರಕದ ಹನ್ನೆರಡೂ ಕೆಟ್ಟಿವೆ, ಎಲ್ಲಿಗೆ ಕಳಿಸಿದ್ದಾರೋ ಅಲ್ಲಿಂದ ತೆಗೆಸಿ ಎಂದು ಹೇಳು. ಉಳಿದ ಹತ್ತರ ಪಕ್ಕದಲ್ಲೂ ಯಾರೋ ನಿಂತಿದ್ದಾರೆ.

ಸಿಂಚನ


ಬಾಶೆಟ್ಟಿಹಳ್ಳಿ
20 ಫೆಬ್ರವರಿ 2025

ಚಿ. ಸೌ. ಸಿಂಚನಳಿಗೆ,

ಅಳಿಯಂದಿರ ಕೈ ಬೇಗ ವಾಸಿಯಾಗಲೆಂದು ನಿಮ್ಮಮ್ಮ ದಿನವೂ ದೀಪ ಹಚ್ಚುತ್ತಿದ್ದಾಳೆ. ನೀನು ಧೈರ್ಯವಾಗಿರು.

ಕಂಪನಿಯವರು ನಿನ್ನ ಕಾಗದ ಬರುವ ಮೊದಲೇ ಬಂದಿದ್ದರು. ಕಾರಿನಲ್ಲಿ ಮೂವರು. ಶೆಡ್ಡೆಲ್ಲ ನೋಡಿದರು. ಆ ಹಡಗಿನ ಎರಡು ರಿಂಗಿಗೂ ಹಿತ್ತಾಳೆ ಹೇಗೆ ಸೇರಿತು ಎಂದು ಕೇಳಿದರು. ಎರಕ ಹೊಯ್ಯುವವನು ಭೀಮರಾಜ, ಅವನನ್ನೇ ಕೇಳಬೇಕು ಎಂದೆ. ಅವನು ಗುಜರಿ ಹಿತ್ತಾಳೆ ಸೇರಿಸಿ ಗನ್‌ಮೆಟಲ್ ಗಟ್ಟಿಯನ್ನು ಹೊರಗೆ ಸಾಗಿಸಿರಬಹುದು ಎಂದು ಅವರೇ ಅಂದರು. ಇರಬಹುದು ಎಂದೆ. ಆಮೇಲೆ ಅದನ್ನೇ ಬರೆದುಕೊಂಡರು, ನಾನು ಸಹಿ ಹಾಕಿದೆ. ಪರೀಕ್ಷೆಯ ಕಡ್ಡಿ ಪಾಸಾಗಿರುವುದರಿಂದ ಎರಕ ಸರಿಯಾಗಿಯೇ ಇತ್ತು, ಕೊನೆಯಲ್ಲಿ ಮೂಸೆಯ ತಳದಲ್ಲಿ ಉಳಿದದ್ದಕ್ಕೆ ಅವನು ಗುಜರಿ ಸೇರಿಸಿ ಎರಡು ರಿಂಗ್ ಹೊಯ್ದಿದ್ದಾನೆ ಎಂದು ಅವರ ತೀರ್ಮಾನ. ಹತ್ತರ ಬಗ್ಗೆ ಅವರಿಗೆ ಅನುಮಾನವಿಲ್ಲ.

ಭೀಮರಾಜನನ್ನು ಕೆಲಸದಿಂದ ಬಿಡಿಸಿದ್ದೇನೆ. ಕೈಯಲ್ಲಿ ಕೆಲಸ ಇರುವವನು, ಎಲ್ಲಾದರೂ ಬದುಕಿಕೊಳ್ಳುತ್ತಾನೆ. ಈ ಶೆಡ್ಡನ್ನು ನಂಬಿ ಹದಿನಾಲ್ಕು ಮನೆಗಳಿವೆ. ಶೆಡ್ಡು ಮುಚ್ಚಿದರೆ ಅವರೆಲ್ಲ ಎಲ್ಲಿಗೆ ಹೋಗಬೇಕು, ನೀನೇ ಹೇಳು. ನೀನು ಈಗ ಆ ಮನೆಯವಳು. ಗಂಡನ ಆರೈಕೆ ನೋಡಿಕೋ. ಬಿಂದಿಗೆಯ ಮಾತು ಇಲ್ಲಿಗೇ ಬಿಡು.

ನಿನ್ನ ಅಪ್ಪ


ವಿಶಾಖಪಟ್ಟಣ
27 ಫೆಬ್ರವರಿ 2025

ಅಪ್ಪ,

ನಿಮ್ಮ ಕಾಗದ ಬಂತು. ಎರಡು ಸಲ ಓದಿದೆ. ಎರಡನೆಯ ಸಲ ನಿಂತುಕೊಂಡು ಓದಿದೆ, ಕೂತು ಓದಲು ಆಗಲಿಲ್ಲ.

ಇರಬಹುದು ಎಂದಿರಿ. ಒಬ್ಬ ಮನುಷ್ಯನ ಹೆಸರನ್ನು ಗುಜರಿಗೆ ಹಾಕಲು ನಿಮಗೆ ಬೇಕಾಗಿದ್ದು ಅದೊಂದೇ ಪದ. ನನ್ನ ಮದುವೆಯ ಚಪ್ಪರಕ್ಕೆ ಕಂಬ ನೆಟ್ಟವನು ಅವನು. ನಾನು ಸ್ಕೂಲ್ ವ್ಯಾನಿಗೆ ಕಾಯುವಾಗ ಅವನು ಶೆಡ್ಡಿನ ಬಾಗಿಲಲ್ಲಿ ನಿಂತು, “ಮೇಡಂ, ಇಂಗ್ಲಿಷಲ್ಲಿ ಮೂಸೆಗೆ ಏನಂತಾರೆ?” ಎಂದು ರೇಗಿಸುತ್ತಿದ್ದ. ಅವನು ಕಳ್ಳನೇ? ನಿಮ್ಮ ಬಾಯಲ್ಲಿ ಆ ಮಾತು ಹೇಗೆ ಹೊರಟಿತು?

ಒಂದೇ ಪಾತ್ರೆಯ ಸಾರಿನಲ್ಲಿ ಎರಡು ಸೌಟಿಗೆ ಮಾತ್ರ ಉಪ್ಪು ಹೆಚ್ಚಾಗುತ್ತದಾ ಅಪ್ಪ? ಬಿಂದಿಗೆ ಇಡೀ ಮೂಸೆಗೆ ಬಿದ್ದಿದೆ, ಹನ್ನೆರಡೂ ಒಂದೇ. ಕಡ್ಡಿ ಪಾಸಾಯಿತು ಎನ್ನುತ್ತೀರಲ್ಲ, ಯಾವ ಕಡ್ಡಿ? ಆ ಎರಕದ ಕಡ್ಡಿ ನಮ್ಮ ದೇವರ ಮನೆಯಲ್ಲಿ ಕುಂಕುಮ ಹಚ್ಚಿಕೊಂಡು ಕೂತಿದೆ. ನಿಮ್ಮ ಸುಳ್ಳು ಭೀಮರಾಜಣ್ಣನನ್ನು ಮಾತ್ರ ಸುಡುತ್ತಿಲ್ಲ, ಆ ಹತ್ತು ರಿಂಗ್‌ಗಳನ್ನು ಅವು ಇರುವ ಕಡೆಯೇ ಕೂರಿಸಿದೆ. ಇಲ್ಲಿ ಬೈರೇಶ್ ನಾನು ಹೇಳಿದ್ದನ್ನೆಲ್ಲ ತಮ್ಮ ಮೇಲಿನವರಿಗೆ ಹೇಳಿದರು. ಅವರು ಕಂಪನಿಯನ್ನು ಕೇಳಿದರು. ಕಂಪನಿ ನಿಮ್ಮ ಸಹಿ ತೋರಿಸಿತು. ಮಾಡಿದವನೇ ಕೆಟ್ಟದ್ದು ಎರಡೇ ಎನ್ನುತ್ತಿರುವಾಗ ಹೆಂಡತಿ ಹೇಳಿದ ಬಿಂದಿಗೆ ಕಥೆಯನ್ನು ಯಾರು ಕೇಳುತ್ತಾರೆ?

ಹದಿನಾಲ್ಕು ಮನೆ ಎನ್ನುತ್ತೀರಿ. ಭೀಮರಾಜಣ್ಣನದು ಹದಿನೈದನೆಯದಲ್ಲವೇ? ಅದನ್ನು ಲೆಕ್ಕದಿಂದ ಬಿಡುವುದು ಅಷ್ಟು ಸುಲಭವಾಯಿತೇ?

ಬೈರೇಶ್ ಎಡಗೈಯಲ್ಲಿ ಊಟ ಮಾಡಲು ಕಲಿಯುತ್ತಿದ್ದಾರೆ. ನಿನ್ನೆ ಅನ್ನ ಚೆಲ್ಲಿಕೊಂಡು ನಗುತ್ತಾ ಹೇಳಿದರು, “ಮಾವನಿಗೆ ಬರಿ, ನನ್ ಕೈಗೆ ಕೋಪ ಇಲ್ಲ. ಗೊತ್ತಿಲ್ದೆ ಆಯ್ತು. ಆದ್ರೆ ಗೊತ್ತಾದ್ಮೇಲೆ ಸುಮ್ನಿದ್ರೆ ಅದು ಬೇರೆ.” ಅವರಿಗೆ ಕೋಪವಿಲ್ಲ. ನನಗಿದೆ.

ಸಿಂಚನ


ಬಾಶೆಟ್ಟಿಹಳ್ಳಿ
6 ಮಾರ್ಚ್ 2025

ಸಿಂಚನ,

ನೀವು ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ಒಂದು ಸಲವೂ ನನ್ನನ್ನು ಹಾಗೆ ಕರೆದವಳಲ್ಲ. ನಿಮ್ಮಮ್ಮನಿಗೆ ಓದಿ ಹೇಳುವಾಗ ಆ ಜಾಗದಲ್ಲೆಲ್ಲ ನೀನು ಎಂದು ಓದಿದೆ.

ಸತ್ಯ ಹೇಳು ಎನ್ನುವುದು ವಿಶಾಖಪಟ್ಟಣದಲ್ಲಿ ಕೂತು ಸುಲಭ. ನಾನು ಬಾಯಿ ಬಿಟ್ಟರೆ ಮೊದಲು ಕಡ್ಡಿಯ ವಿಷಯ ಬರುತ್ತದೆ. ಒಂದು ಎರಕದ ಕಡ್ಡಿಯನ್ನು ಇನ್ನೊಂದರದೆಂದು ಕಳಿಸಿದ್ದಕ್ಕೆ, ಅದೂ ಯುದ್ಧದ ಹಡಗಿನ ಮಾಲಿಗೆ, ನನ್ನನ್ನು ಒಳಗೆ ಹಾಕುತ್ತಾರೆ. ಯಾರು ಹೇಳಿದ್ದು ಎಂದು ಕೇಳುತ್ತಾರೆ. ನಿನ್ನಮ್ಮನನ್ನು ತಂದು ನಿಲ್ಲಿಸಲೇ? ಭೀಮರಾಜ ಒಪ್ಪಿಕೊಂಡರೆ ಅವನಿಗೆ ಈಗಾಗಲೇ ಹೋಗಿರುವ ಕೆಲಸ ಹೋಯಿತು, ಅಷ್ಟೇ. ಕಂಪನಿಯವರು ಕೇಸು ಹಾಕುವುದಿಲ್ಲ ಎಂದಿದ್ದಾರೆ. ಆದರೆ ಅವನು ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕುತ್ತಿಲ್ಲ. ಮಾರ್ಚ್ ಇಪ್ಪತ್ತೇಳರ ಗುರುವಾರ ಕಂಪನಿಯಲ್ಲಿ ಕೊನೆಯ ವಿಚಾರಣೆ. ನೌಕಾಪಡೆಯ ಆಫೀಸರ್ ಬರುತ್ತಾರೆ.

ಅವನ ತಂಗಿ ಮಮತ ನಿನ್ನ ಜೊತೆ ಪಿಯುಸಿ ಓದಿದವಳು. ನಿನ್ನ ಮಾತು ಕೇಳುತ್ತಾಳೆ. ಅಣ್ಣನಿಗೆ ಬುದ್ಧಿ ಹೇಳಲು ಅವಳಿಗೆ ಒಂದು ಫೋನ್ ಮಾಡು. ನಿನ್ನ ಅಪ್ಪನಿಗಾಗಿ ಇದೊಂದು ಮಾಡು. ಇನ್ನು ಕಾಗದ ಬರೆಯಬೇಡ, ನಿಮ್ಮಮ್ಮ ಅಳುತ್ತಾಳೆ.

ಆದಿನಾರಾಯಣಪ್ಪ


ಬಾಶೆಟ್ಟಿಹಳ್ಳಿ
13 ಮಾರ್ಚ್ 2025

ಸಿಂಚನ,

ನಾನು ಮಮತ. ನೀನು ಮೂರು ಸಲ ಫೋನ್ ಮಾಡಿದೆ. ನೋಡಿಯೇ ಎತ್ತಲಿಲ್ಲ. ಯಾಕೆ ಮಾಡಿದೆ ಎಂದು ಗೊತ್ತು. ನಿಮ್ಮಪ್ಪ ನಮ್ಮಪ್ಪ ಬೈಲಪ್ಪನ ಹತ್ತಿರ ಬಂದು, “ನನ್ ಮಗ್ಳು ಮಮತಂಗೆ ಹೇಳ್ತಾಳೆ ಬಿಡು, ಸೈನ್ ಆಗುತ್ತೆ” ಎಂದು ಹೇಳಿ ಹೋಗಿದ್ದರು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಬೈಯುತ್ತೇನೆ, ಆಮೇಲೆ ಅಳುತ್ತೇನೆ. ಅಳುವುದು ನನಗೆ ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ಬಾಶೆಟ್ಟಿಹಳ್ಳಿಯಲ್ಲಿ ಅಣ್ಣನಿಗೆ ಯಾರೂ ಕೆಲಸ ಕೊಡುತ್ತಿಲ್ಲ. ಯಾವ ಗೇಟಿಗೆ ಹೋದರೂ, “ಓ, ಗಟ್ಟಿ ಸಾಗಿಸಿದವನಾ?” ಎನ್ನುತ್ತಾರೆ. ನೆಲಮಂಗಲದಲ್ಲಿ ಒಂದು ಗೋಡೌನಿನಲ್ಲಿ ಲಾರಿಗೆ ಡಬ್ಬ ಏರಿಸುತ್ತಿದ್ದಾನೆ. ಹದಿನೆಂಟು ವರ್ಷ ಬೆಂಕಿ ಮುಂದೆ ನಿಂತು ಕಲಿತದ್ದು ಡಬ್ಬ ಏರಿಸುವುದಕ್ಕೆ. ಮೊನ್ನೆ ನಮ್ಮವ್ವ ಮುತ್ತಮ್ಮ, “ಸೈನ್ ಹಾಕ್ಬಿಡು ಮಗಾ, ದೊಡ್ಡೋರ ಸಾವಾಸ ನಮ್ಗ್ಯಾಕೆ” ಎಂದಳು. ಅದಕ್ಕೆ ಅವನು, “ಮುಟ್ದಿರೋದ್ನ ಮುಟ್ದೆ ಅಂತ ಹೆಂಗವ್ವಾ ಬರ್ಕೊಡ್ಲಿ?” ಎಂದ.

ಅರ್ಥವಾಯಿತಾ ನಿನಗೆ? ನಿಮ್ಮಪ್ಪ ಕಾಗದದಲ್ಲಿ ಬರೆದರೋ ಇಲ್ಲವೋ ಗೊತ್ತಿಲ್ಲ. ಆ ಶುಕ್ರವಾರ ಪೂಜೆ ಮುಗಿಯುವವರೆಗೆ ಅಣ್ಣನನ್ನು ಶೆಡ್ಡಿನ ಆಚೆ ನಿಲ್ಲಿಸಿದ್ದರು. ಅವನು ದಿನಾ ನಿಲ್ಲುವ ಜಾಗದಿಂದಲೇ. “ನೀನು ಸ್ವಲ್ಪ ದೂರ ಇರಪ್ಪ, ಕಳಶದ ಬಿಂದಿಗೆ” ಎಂದರಂತೆ ನಿಮ್ಮಮ್ಮ. ಅವನು ಗೇಟಿನ ಹತ್ತಿರ ಬಿಸಿಲಲ್ಲಿ ನಿಂತು ಬಿಳಿ ಹೊಗೆ ನೋಡಿದ. ಲೆಕ್ಕ ಕೆಡುತ್ತದೆ ಎಂದು ಅಲ್ಲಿಂದಲೇ ಕೂಗಿದ. ಬಿಂದಿಗೆ ಹಾಕುವಾಗ ಅವನ ಕೈ ಮೈಲಿಗೆ, ಬಿಂದಿಗೆ ಕೆಟ್ಟ ಮೇಲೆ ಅದು ಅವನದೇ ಕೈ. ಚೆನ್ನಾಗಿದೆ ಸಿಂಚನ ನಿಮ್ಮ ಮನೆಯ ಲೆಕ್ಕ.

ಶೆಡ್ಡಿನಲ್ಲಿ ಅವತ್ತು ಇದ್ದವರು ಹದಿನಾಲ್ಕು ಜನವೂ ನೋಡಿದ್ದಾರೆ. ಕೇಳಿದರೆ ಕೆಂಪರಾಜಣ್ಣ ಸಹ, “ನಾನು ಕಣ್ಮುಚ್ಚಿ ಕೈ ಮುಗೀತಿದ್ದೆ ಕಣಮ್ಮ” ಎನ್ನುತ್ತಾನೆ. ಎಲ್ಲರೂ ಕಣ್ಣು ಮುಚ್ಚಿದ್ದರು. ಕಣ್ಣು ಬಿಟ್ಟಿದ್ದವನು ಆಚೆ ನಿಂತಿದ್ದವನೊಬ್ಬನೇ.

ಸಹಿ ಹಾಕುವುದಿಲ್ಲ. ನಿಮ್ಮಪ್ಪನಿಗೆ ಹೇಳು. ನಿನ್ನ ಸಾರಿ ನನಗೆ ಬೇಡ. ಇಪ್ಪತ್ತೇಳರ ಗುರುವಾರ ವಿಚಾರಣೆಯ ಕೋಣೆಯಲ್ಲಿ ಅಣ್ಣ ಒಬ್ಬನೇ ಒಂದು ಕಡೆ ಕೂರುತ್ತಾನೆ. ಅವನ ಪಕ್ಕದ ಕುರ್ಚಿಯಲ್ಲಿ ಕೂರುವ ಧೈರ್ಯವಿದ್ದರೆ ಫೋನ್ ಮಾಡು, ಎತ್ತುತ್ತೇನೆ.

ಮಮತ


ವಿಶಾಖಪಟ್ಟಣ
18 ಮಾರ್ಚ್ 2025

ಅಪ್ಪ,

ಬರೆಯಬೇಡ ಎಂದಿದ್ದೆ. ಇದೊಂದು ಓದು. ಅಮ್ಮನಿಗೂ ಓದಿ ಹೇಳು, ಯಾವ ಪದವನ್ನೂ ಬದಲಾಯಿಸದೆ.

ಮಮತ ಕಾಗದ ಬರೆದಿದ್ದಳು. ಭೀಮರಾಜಣ್ಣನನ್ನು ಆಚೆ ನಿಲ್ಲಿಸಿದೆವು ಎಂದು ನೀನು ಆಗಸ್ಟ್‌ನಲ್ಲೇ ಬರೆದಿದ್ದೆ. ನಾನು ಓದಿದೆ. ಓದಿ ಖುಷಿಯಲ್ಲಿ ಅತ್ತೆ. ಆ ಸಾಲು ನನ್ನ ಕಣ್ಣಿಗೇ ಬೀಳಲಿಲ್ಲ. ಅಷ್ಟು ಸಹಜವಾಗಿತ್ತು ನಮಗೆ. ಬೆಂಕಿಯ ಮುಂದೆ ನಿಲ್ಲಲು ಅವನು ಬೇಕು, ಬಿಂದಿಗೆ ಮುಟ್ಟಲು ಬೇಡ, ತಪ್ಪು ಹೊರುವ ಕೆಲಸ ಬಂದಾಗ ಮತ್ತೆ ಬೇಕು! ಇಷ್ಟು ವರ್ಷ ಅವನು ನಿನ್ನನ್ನು ಅಣ್ಣ ಎಂದು ಕರೆದ. ಅದನ್ನಾದರೂ ಅವನಿಗೆ ವಾಪಸ್ ಕೊಟ್ಟುಬಿಡು.

ನಿನಗೆ ಭಯವಾಗಿದೆ. ಗೊತ್ತು. ನನಗೂ ಆಗಿದೆ. ನಿನ್ನನ್ನು ಒಳಗೆ ಹಾಕಿದರೆ ನಾನು ಏನು ಮಾಡುತ್ತೇನೋ ಗೊತ್ತಿಲ್ಲ. ಅಮ್ಮನ ಮುಖ ಹೇಗೆ ನೋಡುತ್ತೇನೋ ಗೊತ್ತಿಲ್ಲ. ಆದರೆ ಮೊನ್ನೆ ಬೈರೇಶ್ ಹಡಗಿನ ಒಬ್ಬರ ಮನೆಗೆ ಹೋಗಿದ್ದೆ. ಅವರ ತಮ್ಮ ಇನ್ನೊಂದು ಹಡಗಿನ ಇಂಜಿನ್ ರೂಮಿನಲ್ಲಿದ್ದಾನೆ. ಆ ಹಡಗು ಮುಂದಿನ ತಿಂಗಳು ಹೊರಡುತ್ತದಂತೆ. ಅವನ ಹೆಂಡತಿ ನನ್ನ ಹಾಗೇ ಹೊಸಬಳು, ಕೈತುಂಬ ಬಳೆ. ನನಗೆ ಟೀ ಕೊಟ್ಟು, “ವದಿನಾ, ಮೀವಾರಿಕಿ ಚೆಯ್ಯಿ ಎಲಾ ಉಂದಿ?” ಎಂದು ಕೇಳಿದಳು. ನಿಮ್ಮವರ ಕೈ ಹೇಗಿದೆ ಅಂತ. ಆ ಹತ್ತರಲ್ಲಿ ಒಂದು ಅವಳ ಗಂಡನ ಪಕ್ಕ ಕೂತಿದೆಯೇ ಎಂದು ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಕಂಪನಿಗೆ ಗೊತ್ತು, ಆದರೆ ನೀನು ಹೇಳದೆ ಅವರು ನೋಡುವುದಿಲ್ಲ. ಟೀ ಕುಡಿಯಲಾಗಲಿಲ್ಲ ಅಪ್ಪ. ಬಿಟ್ಟು ಎದ್ದು ಬಂದೆ.

ಅದಕ್ಕೇ ಬರುತ್ತಿದ್ದೇನೆ. ಬೈರೇಶ್ ತಾವೂ ಬರುತ್ತೇನೆ ಎಂದರು, ಡಾಕ್ಟರ್ ಬಿಡಲಿಲ್ಲ. ಒಳ್ಳೆಯದೇ ಆಯಿತು. ಅವರು ಬಂದರೆ ಎಲ್ಲರೂ ಅವರ ಕೈ ನೋಡುತ್ತಾರೆ, ನನ್ನ ಮಾತು ಕೇಳುವುದಿಲ್ಲ. ಇಪ್ಪತ್ತೇಳರ ಗುರುವಾರ ವಿಚಾರಣೆಯ ಕೋಣೆಗೆ ನಾನು ಹೋಗುತ್ತೇನೆ. ನೌಕಾಪಡೆಯ ಆಫೀಸರಿಗೆ ಬೈರೇಶ್ ನನ್ನ ಹೆಸರು ಕಳಿಸಿದ್ದಾರೆ, ಕೇಳುತ್ತೇವೆ ಎಂದಿದ್ದಾರೆ. ಬಿಂದಿಗೆ ಯಾರದು, ಯಾರು ಹಾಕಿದ್ದು, ಹಾಕುವಾಗ ಭೀಮರಾಜಣ್ಣ ಎಲ್ಲಿ ನಿಂತಿದ್ದ, ಕಡ್ಡಿ ಎಲ್ಲಿದೆ, ಹಾಗೆ ಮಾಡಲು ಮೊದಲು ಕಾಗದ ಬರೆದವಳು ಯಾರು, ಎಲ್ಲವನ್ನೂ ಹೇಳುತ್ತೇನೆ. ಯಾವ ಭಾಷೆಯಲ್ಲಿ ಕೇಳಿದರೂ ಹೇಳುತ್ತೇನೆ. ನೀನು ಓದಿಸಿದ ಇಂಗ್ಲಿಷ್ ಅದಕ್ಕಾದರೂ ಆಗಲಿ.

ಅದಕ್ಕಿಂತ ಮೊದಲು ನೀನೇ ಹೇಳಬಹುದು. ನಾನು ಹೇಳಿದರೆ ಸಿಕ್ಕಿಬಿದ್ದವನಾಗುತ್ತೀಯ. ನೀನೇ ಹೇಳಿದರೆ ನನ್ನ ಅಪ್ಪನಾಗಿರುತ್ತೀಯ. ಕಾಗದ ತಲುಪಿದ ಮೇಲೆ ನಾಲ್ಕೈದು ದಿನವಾದರೂ ಇರುತ್ತದೆ. ಮೊದಲು ಅವರ ಮನೆಗೆ ಹೋಗು. ಗೇಟಿನ ಆಚೆ ನಿಂತು ಕರೆಯಬೇಡ, ಒಳಗೆ ಹೋಗಿ ಕೂರು. ಅವರು ಬೈದರೆ ಬೈಸಿಕೋ.

ಹೋಗಿದ್ದರೆ ಮಾತ್ರ ಸ್ಟೇಷನ್ನಿಗೆ ಬಾ, ನಿನ್ನ ಜೊತೆ ಮನೆಗೆ ಬರುತ್ತೇನೆ. ಇಲ್ಲದಿದ್ದರೆ ಬರಬೇಡ. ಮಮತಳಿಗೆ ಫೋನ್ ಮಾಡಿದ್ದೇನೆ, ಎತ್ತಿದಳು. ಗಾಡಿ ತರುತ್ತಾಳೆ. ಆ ರಾತ್ರಿ ಅವರ ಮನೆಯಲ್ಲಿ ಊಟ ಮಾಡಿ ಅಲ್ಲೇ ಮಲಗುತ್ತೇನೆ, ಬೆಳಿಗ್ಗೆ ಭೀಮರಾಜಣ್ಣನ ಜೊತೆ ಹೊರಡುತ್ತೇನೆ.

ಮಂಗಳವಾರ ಮಧ್ಯಾಹ್ನ ಇಲ್ಲಿ ಹತ್ತುತ್ತೇನೆ. ರೈಲು ನಮ್ಮ ಊರಿನ ಮೇಲೇ ಹಾದು ಹೋದರೂ ಅಲ್ಲಿ ನಿಲ್ಲುವುದಿಲ್ಲ. ಇಳಿಯುವುದು ಯಲಹಂಕದಲ್ಲಿ. ಮಾರ್ಚ್ ಇಪ್ಪತ್ತಾರು, ಬುಧವಾರ, ಪ್ರಶಾಂತಿ ಎಕ್ಸ್‌ಪ್ರೆಸ್.

ಸಿಂಚನ